ಉದ್ಯಾನದಲ್ಲಿ ಬೀಸುವ ಕಲ್ಲಿನ ಪದ: ಅನುಮತಿ ಯಾರ ಬಳಿ ಕೇಳಬೇಕು?

ನಿವೃತ್ತ ಶಿಕ್ಷಕಿ, ಟಿಳಕವಾಡಿ, ಬೆಳಗಾವಿ | ನವೆಂಬರ್ 6

ಎಲ್ಲರಿಗೂ ನಮಸ್ಕಾರ. ತಿಳಿದವರು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಉದ್ಯಾನವಿದೆ. ಸಂಜೆ ಐದರ ಮೇಲೆ ಹತ್ತು ಹನ್ನೆರಡು ಹೆಣ್ಣುಮಕ್ಕಳು ಅಲ್ಲಿ ಕೂಡುತ್ತೇವೆ. ಬೈಲಹೊಂಗಲ, ಸವದತ್ತಿ, ಗೋಕಾಕ, ರಾಮದುರ್ಗದ ಕಡೆಯಿಂದ ಮದುವೆಗೋ ನೌಕರಿಗೋ ಬಂದು ಇಲ್ಲೇ ಬೇರೂರಿದವರು. ಅವರಲ್ಲಿ ಮೂವರು ಹಿರಿಯರಿಗೆ ಬೀಸುವ ಕಲ್ಲಿನ ಪದಗಳು ಬರುತ್ತವೆ. ಪುಸ್ತಕ ನೋಡಿ ಕಲಿತವಲ್ಲ, ತಾಯಿಯ ತೊಡೆಯ ಮೇಲೆ ಮಲಗಿ ನಸುಕಿನಲ್ಲಿ ಕೇಳಿ ಕಲಿತವು. ಎಲ್ಲರಿಗಿಂತ ಹಿರಿಯರಾದ ಅಜ್ಜಿಯೊಬ್ಬರು ಹಾಡುತ್ತ ಹಾಡುತ್ತ ನಡುವೆ ತಡೆದು ನಿಲ್ಲುತ್ತಾರೆ. ಯಾಕೆ ಎಂದು ಕೇಳಿದೆ. "ಕೈಯಲ್ಲಿ ಕಲ್ಲಿನ ಗೂಟ ಇಲ್ಲದೆ ಮುಂದಿನ ಸಾಲು ಬರುವುದಿಲ್ಲ" ಎಂದರು. ಆ ಮಾತು ನನ್ನನ್ನು ಬಿಡಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಉದ್ಯಾನದಲ್ಲಿ ನಿಜವಾದ ಬೀಸುವ ಕಲ್ಲುಗಳನ್ನು ಇಟ್ಟು, ಬಿಳಿಜೋಳ ಬೀಸುತ್ತ ಅವರಿಂದ ಪದ ಹಾಡಿಸಬೇಕು, ಓಣಿಯ ಮಕ್ಕಳು ಸುತ್ತ ಕುಳಿತು ಕೇಳಬೇಕು ಎಂಬುದು ನಮ್ಮ ಆಸೆ. ಎಂಬತ್ತರಿಂದ ನೂರು ಜನ ಸೇರಬಹುದು. ಸಣ್ಣ ಪೆಂಡಾಲ್, ಒಂದು ಮೈಕ್, ಕೊನೆಗೆ ಎಲ್ಲರಿಗೂ ರೊಟ್ಟಿ, ಶೇಂಗಾ ಹಿಂಡಿ. ಟಿಕೆಟ್ ಇಲ್ಲ, ರಾಜಕೀಯವಿಲ್ಲ, ವೇದಿಕೆಯ ಮೇಲೆ ಗಣ್ಯರಿಲ್ಲ. ಡಿಸೆಂಬರ್ ಎರಡನೆಯ ವಾರ ಎಂದುಕೊಂಡಿದ್ದೇವೆ.

ಅನುಮತಿ ಯಾರಿಂದ ಪಡೆಯಬೇಕು? ಯಾವ ಕಾಗದಪತ್ರ ಬೇಕು? ಎಷ್ಟು ದಿನ ಮುಂಚೆ ಕೇಳಬೇಕು? ಮೂವತ್ತೊಂದು ವರ್ಷ ಶಾಲೆಯಲ್ಲಿ ಕಾರ್ಯಕ್ರಮ ಮಾಡಿಸಿದ್ದೇನೆ. ಆದರೆ ಅಲ್ಲಿ ಅಂಗಳ ಶಾಲೆಯದೇ ಆಗಿತ್ತು.


ನಗರಸಭೆಯೊಂದರ ನಿವೃತ್ತ ಗುಮಾಸ್ತ, ಅನಗೋಳ | ನವೆಂಬರ್ 6

ಅಕ್ಕಾವರೇ, ನಿಮ್ಮ ಮೊದಲ ಪ್ರಶ್ನೆ ಅನುಮತಿ ಯಾರು ಕೊಡುತ್ತಾರೆ ಎಂದಲ್ಲ, ಆ ಜಾಗ ಯಾರದು ಎಂದಾಗಬೇಕು. ಬೇಲಿ, ಗೇಟು, ಹಸಿರು ಬಣ್ಣದ ಬೆಂಚು ಎಲ್ಲ ಉದ್ಯಾನಗಳಲ್ಲೂ ಒಂದೇ ತರಹ ಕಾಣುತ್ತವೆ. ಕಾಗದದಲ್ಲಿ ಒಡೆಯರು ಬೇರೆ ಬೇರೆ ಇರುತ್ತಾರೆ. ಬೆಳಗಾವಿಯಲ್ಲಿ ಹೆಚ್ಚಿನವು ಮಹಾನಗರ ಪಾಲಿಕೆಯವು. ಕ್ಯಾಂಪ್ ಪ್ರದೇಶಕ್ಕೆ ಹೋದರೆ ಅದು ದಂಡು ಮಂಡಳಿಯ (ಕಂಟೋನ್ಮೆಂಟ್ ಬೋರ್ಡಿನ) ಸರಹದ್ದು, ಅಲ್ಲಿ ಪಾಲಿಕೆಯ ಪತ್ರ ನಡೆಯುವುದಿಲ್ಲ. ನಗರಾಭಿವೃದ್ಧಿ ಪ್ರಾಧಿಕಾರ ಮಾಡಿದ ಬಡಾವಣೆಯಾದರೆ ಪಾಲಿಕೆಗೆ ಹಸ್ತಾಂತರ ಆಗಿದೆಯೇ ಎಂದು ನೋಡಬೇಕು. ಆಗಿಲ್ಲದಿದ್ದರೆ ಪ್ರಾಧಿಕಾರಕ್ಕೇ ಅರ್ಜಿ. ಗೇಟಿನ ಫಲಕ ನೋಡಿ, ಅಲ್ಲಿ ನೀರು ಹಾಕುವ ಮಾಲಿಯನ್ನು ಸಂಬಳ ಯಾರು ಕೊಡುತ್ತಾರೆ ಎಂದು ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪಾಲಿಕೆಯದೇ ಎಂದು ಖಚಿತವಾದರೆ ಆಯುಕ್ತರ ಹೆಸರಿಗೆ ಅರ್ಜಿ ಬರೆದು, ಬಂದ ಪತ್ರಗಳನ್ನು ದಾಖಲಿಸುವ ಆವಕ ವಿಭಾಗದಲ್ಲಿ ಕೊಡಿ. ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಬೀಳುವವರೆಗೆ ಅಲ್ಲಿಂದ ಕದಲಬೇಡಿ. ನನ್ನ ಸೇವೆಯಲ್ಲಿ ನೋಡಿದ್ದೇನೆ, ಎಷ್ಟೋ ಸಜ್ಜನರು ಅರ್ಜಿಯನ್ನು ಯಾರದೋ ಮೇಜಿನ ಮೇಲೆ ಇಟ್ಟು "ಕೊಟ್ಟು ಬಂದಿದ್ದೇವೆ" ಎಂದು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು. ಸಂಖ್ಯೆ ಇಲ್ಲದ ಅರ್ಜಿಗೆ ಕಡತವಿಲ್ಲ, ಕಡತವಿಲ್ಲದ್ದನ್ನು ಯಾರೂ ಹುಡುಕಿಕೊಡಲಾರರು.

ನೆಲಬಾಡಿಗೆ, ಠೇವಣಿ ಎಷ್ಟು ಎಂಬುದನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ. ಚಲನ್ ಮೂಲಕವೇ ತುಂಬಿ, ಬಾಡಿಗೆ ಬೇರೆ, ಮರಳಿ ಬರುವ ಠೇವಣಿ ಬೇರೆ ಎಂದು ರಸೀದಿಯಲ್ಲಿ ಸ್ಪಷ್ಟವಾಗಿರಲಿ.

ಇನ್ನೊಂದು ಮುಖ್ಯ ಮಾತು. ಡಿಸೆಂಬರ್ ಬೇಡ. ಸಾಮಾನ್ಯವಾಗಿ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವುದು ಆ ತಿಂಗಳಲ್ಲಿ. ಪೊಲೀಸರೂ ಅಧಿಕಾರಿಗಳೂ ಪೂರ್ತಿ ಅದರಲ್ಲೇ ಮುಳುಗಿರುತ್ತಾರೆ. ಸಂಕ್ರಾಂತಿಯ ಆಸುಪಾಸಿಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಹೊಸ ಜೋಳ ಬರದಿದ್ದರೂ ಚಳಿಯಂತೂ ಹಿತವಾಗಿರುತ್ತದೆ.


ಪದವಿ ವಿದ್ಯಾರ್ಥಿ, ಬೆಳಗಾವಿ | ನವೆಂಬರ್ 7

ನೂರು ಜನ ಹುಲ್ಲಿನ ಮೇಲೆ ಕುಳಿತು ಹಾಡಿದರೆ ಅದಕ್ಕೂ ಅನುಮತಿ ಬೇಕೇ? ಉದ್ಯಾನ ಸಾರ್ವಜನಿಕರದಲ್ಲವೇ? ನಾವು ಗೆಳೆಯರು ಅಲ್ಲಿ ಹುಟ್ಟುಹಬ್ಬ ಮಾಡುತ್ತೇವೆ, ಯಾರೂ ಕೇಳಿಲ್ಲ.


ನಿವೃತ್ತ ಗುಮಾಸ್ತ, ಅನಗೋಳ | ನವೆಂಬರ್ 7

ತಮ್ಮಾ, ಆರು ಜನ ಕುಳಿತು ಬುತ್ತಿ ಬಿಚ್ಚುವುದು ಉದ್ಯಾನದ ಬಳಕೆ. ದಿನ ಗೊತ್ತುಮಾಡಿ, ಜನರನ್ನು ಕರೆದು, ಪೆಂಡಾಲ್ ಹಾಕಿ, ಮೈಕ್ ಕಟ್ಟಿದರೆ ಅಷ್ಟು ಹೊತ್ತು ಆ ಜಾಗವನ್ನು ಉಳಿದವರಿಂದ ಪಡೆದುಕೊಂಡಂತೆ. ಆಗ ಕೇಳಲೇಬೇಕು. ನಾಳೆ ಒಂದು ಮಗುವಿನ ಕಾಲಿನ ಮೇಲೆ ಕಂಬ ಬಿದ್ದರೆ ಉತ್ತರ ಕೊಡುವವರು ಯಾರು ಎಂಬ ಪ್ರಶ್ನೆಗೂ ಆ ಪತ್ರವೇ ಆಧಾರ.


ಮುಂಜಾನೆಯ ನಡಿಗೆಯವನು, ಟಿಳಕವಾಡಿ | ನವೆಂಬರ್ 9

ಅಕ್ಕಾವರೇ, ನಿಮ್ಮ ಉದ್ದೇಶದ ಬಗ್ಗೆ ನನಗೆ ಗೌರವವಿದೆ. ಆದರೂ ನಾನು ವಿರೋಧಿಸುತ್ತೇನೆ, ಕಾರಣ ಹೇಳುತ್ತೇನೆ.

ನನಗೆ ಹೃದಯದ ಶಸ್ತ್ರಚಿಕಿತ್ಸೆ ಆಗಿದೆ. ದಿನಕ್ಕೆ ನಲವತ್ತು ನಿಮಿಷ ನಡೆಯಲೇಬೇಕು. ರಸ್ತೆಯಲ್ಲಿ ನಡೆದರೆ ವಾಹನ, ನಾಯಿ, ಕಿತ್ತುಹೋದ ಕಲ್ಲು. ನನ್ನ ಪಾಲಿಗೆ ಆ ಉದ್ಯಾನ ಔಷಧ ಇದ್ದ ಹಾಗೆ. ಮೊದಲು ನಾನು ಬೇರೆ ಬಡಾವಣೆಯಲ್ಲಿದ್ದೆ. ಅಲ್ಲಿಯ ಉದ್ಯಾನದಲ್ಲಿ ಒಮ್ಮೆ ಒಂದು ಒಳ್ಳೆಯ ಕಾರ್ಯಕ್ರಮವೇ ಆಯಿತು. ಮರುದಿನ ಬೆಳಿಗ್ಗೆ ಹೋದರೆ ಹುಲ್ಲಿನಲ್ಲಿ ಮೊಣಕೈ ಆಳದ ಹನ್ನೊಂದು ಗುಂಡಿಗಳು, ನೀರಿನ ಕೊಳವೆ ಒಡೆದು ಅರ್ಧ ಉದ್ಯಾನ ಕೆಸರು, ಬೇಲಿಯ ಸಾಲಿಗೆಲ್ಲ ಊಟದ ತಟ್ಟೆಗಳು. ಒಬ್ಬ ಹಿರಿಯರು ಗುಂಡಿಯಲ್ಲಿ ಕಾಲಿಟ್ಟು ಬಿದ್ದು ಮೂರು ತಿಂಗಳು ಹಾಸಿಗೆ ಹಿಡಿದರು. ಒಂದು ಸಲ ಕೊಟ್ಟಿದ್ದನ್ನೇ ತೋರಿಸಿ ಮುಂದಿನವರು ಕೇಳಿದರು. ಎರಡು ವರ್ಷದಲ್ಲಿ ಅದು ಮದುವೆಯ ಊಟದ ಜಾಗವಾಯಿತು.

1985ರ ಕರ್ನಾಟಕ ಉದ್ಯಾನ, ಆಟದ ಬಯಲು ಮತ್ತು ತೆರೆದ ಸ್ಥಳಗಳ ಕಾಯ್ದೆ ಇರುವುದು ಇಂತಹ ಜಾಗಗಳು ಬೇರೆ ಬಳಕೆಗೆ ಜಾರಿಹೋಗಬಾರದೆಂದು. ನಗರದಲ್ಲಿ ಸಭೆಗೆ ಜಾಗಗಳಿಲ್ಲವೇ? ಸರ್ದಾರ್ ಮೈದಾನವಿದೆ, ನೆಹರು ನಗರದಲ್ಲಿ ಕುಮಾರ ಗಂಧರ್ವ ರಂಗಮಂದಿರವಿದೆ. ಓಣಿಯ ಉಸಿರಾಟದ ಜಾಗವನ್ನು ಮಾತ್ರ ಬಿಟ್ಟುಬಿಡಿ.


ನಿವೃತ್ತ ಶಿಕ್ಷಕಿ, ಟಿಳಕವಾಡಿ | ನವೆಂಬರ್ 9, ರಾತ್ರಿ

ಅಣ್ಣಾವರೇ, ನಿಮ್ಮ ಬರಹ ಓದಿ ಮನೆಯಲ್ಲಿ ಸುಮ್ಮನೆ ಕುಳಿತೆ. ಬಿದ್ದ ಆ ಹಿರಿಯರ ವಿಷಯ ಮನಸ್ಸಿಗೆ ಬಹಳ ತಟ್ಟಿತು.

ರಂಗಮಂದಿರದಲ್ಲಿ ಮಾಡಬಹುದಲ್ಲ ಎಂದಿರಿ. ಆ ಅಜ್ಜಿಗೆ ಮೊಣಕಾಲು ನೋವು. ರಿಕ್ಷಾ ಹತ್ತಿಸಿ, ಮೆಟ್ಟಿಲು ಏರಿಸಿ, ದೀಪಗಳ ಎದುರು ಕೂರಿಸಿದರೆ ಅವರು ಬಾಯಿ ಬಿಡುವುದಿಲ್ಲ, ನನಗೆ ಗೊತ್ತು. ದಿನವೂ ಕೂಡುವ ಬೇವಿನ ಮರದ ಕೆಳಗಾದರೆ ಹಾಡುತ್ತಾರೆ. ಹಾಗಾಗಿ ಉದ್ಯಾನವೇ ಬೇಕು ಎಂಬ ಹಟ ನನ್ನದಲ್ಲ, ಅವರ ದನಿಯ ಅಗತ್ಯ.

ಆದರೆ ನೀವು ನಡೆಯುವ ಹೊತ್ತನ್ನು ನಾವು ಕಸಿದುಕೊಳ್ಳುವುದು ಸರಿಯಲ್ಲ. ನಿಮ್ಮಂತೆ ಬೆಳಿಗ್ಗೆ ಬರುವವರು ಎಷ್ಟು ಜನ, ಎಷ್ಟು ಗಂಟೆಯವರೆಗೆ ಇರುತ್ತೀರಿ, ತಿಳಿಸುತ್ತೀರಾ?


ಮುಂಜಾನೆಯ ನಡಿಗೆಯವನು | ನವೆಂಬರ್ 10

ನಿತ್ಯ ಬರುವವರು ಮೂವತ್ತು ಜನ ಇರಬಹುದು. ಐದೂವರೆಗೆ ಶುರು. ಎಂಟೂವರೆಯ ನಂತರ ಯಾರೂ ಇರುವುದಿಲ್ಲ. ಕೇಳಿದ್ದಕ್ಕೆ ಧನ್ಯವಾದ. ಇದುವರೆಗೆ ಯಾವ ಕಾರ್ಯಕ್ರಮದವರೂ ನಮ್ಮನ್ನು ಕೇಳಿರಲಿಲ್ಲ.


ಪೆಂಡಾಲ್ ಕೆಲಸದವನು, ಶಹಾಪುರ | ನವೆಂಬರ್ 10

ಹದಿನೆಂಟು ವರ್ಷದಿಂದ ಪೆಂಡಾಲ್ ಹಾಕುತ್ತಿದ್ದೇನೆ. ಗುಂಡಿ ತೋಡಿ ಹಾಳು ಮಾಡಿದವರು ನಮ್ಮವರೇ, ಒಪ್ಪುತ್ತೇನೆ. ಆದರೆ ಯಾರೂ ನಮಗೆ ಹುಲ್ಲಿನ ಕೆಳಗೆ ಪೈಪು ಎಲ್ಲಿದೆ ಎಂದು ತೋರಿಸುವುದಿಲ್ಲ. ರಾತ್ರಿ ಹತ್ತಕ್ಕೆ ಕರೆದು ಬೆಳಗಾಗುವುದರೊಳಗೆ ಆಗಬೇಕು ಎನ್ನುತ್ತಾರೆ.

ಅಕ್ಕಾವರೇ, ನಿಮಗೆ ಪೆಂಡಾಲ್ ಬೇಡ. ಜನವರಿ ಬೆಳಗಿನ ಬಿಸಿಲಿಗೆ ನೆರಳು ಯಾಕೆ? ಮುದುಕರಿಗೆ ಬಿಸಿಲೇ ಬೇಕು. ಬೇಕೇಬೇಕೆಂದರೆ ನೆಲಕ್ಕೆ ಗೂಟ ಹೊಡೆಯದೆ, ಮರಳು ತುಂಬಿದ ಡಬ್ಬಿಗಳಲ್ಲಿ ಕಂಬ ನಿಲ್ಲಿಸುವ ಪದ್ಧತಿ ಇದೆ. ಜಮಖಾನೆಯನ್ನು ಹಿಂದಿನ ರಾತ್ರಿಯೇ ಹಾಸಬೇಡಿ, ಇಬ್ಬನಿಯಲ್ಲಿ ನೆನೆದು ಭಾರವಾಗುತ್ತದೆ, ಕೆಳಗಿನ ಹುಲ್ಲೂ ಹಳದಿಯಾಗುತ್ತದೆ. ಬೆಳಿಗ್ಗೆ ಹಾಸಿ, ಮಧ್ಯಾಹ್ನ ತೆಗೆಯಿರಿ.

ಕರೆಂಟಿನ ವಿಷಯ. ಬೀದಿ ಕಂಬಕ್ಕೆ ವಯರು ಸಿಕ್ಕಿಸುವವರನ್ನು ನಂಬಬೇಡಿ. ಅದು ಕಳ್ಳತನ, ಮೇಲೆ ಜೀವಕ್ಕೆ ಅಪಾಯ. ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಬೇಕು. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರೇ ಅರ್ಜಿಯ ಕೆಲಸ ಮಾಡಿಕೊಡುತ್ತಾರೆ.


ನವನಗರದ ನಿವಾಸಿ, ಬಾಗಲಕೋಟೆ | ನವೆಂಬರ್ 12

ಬೀಸುವ ಕಲ್ಲು ಎಂಬ ಮಾತು ಓದಿ ಬರೆಯದೆ ಇರಲಾಗಲಿಲ್ಲ.

ಆಲಮಟ್ಟಿಯ ಹಿನ್ನೀರಿಗೆ ನಮ್ಮ ಹಳೆಯ ಬಾಗಲಕೋಟೆಯ ಮನೆ ಹೋಯಿತು. ಮನೆ ಬಿಡುವಾಗ ಅಪ್ಪ ಬಾಗಿಲು, ಚೌಕಟ್ಟು, ತೊಲೆ, ಕೊನೆಗೆ ದೇವರ ಕೋಣೆಯ ಹಾಸುಗಲ್ಲನ್ನೂ ಕೀಳಿಸಿ ಟ್ರ್ಯಾಕ್ಟರಿಗೆ ಹೇರಿಸಿದರು. ಅವ್ವನ ಬೀಸುವ ಕಲ್ಲಿನ ಕೆಳಗಿನ ಹೋಳು ನೆಲದಲ್ಲಿ ಹೂತಿತ್ತು, ಬಿಡಿಸಲು ಹೊತ್ತಾಗಲಿಲ್ಲ. ಮೇಲಿನ ಹೋಳು ಮಾತ್ರ ನಮ್ಮ ಜೊತೆ ನವನಗರಕ್ಕೆ ಬಂದಿದೆ. ಈಗ ತುಳಸಿಕಟ್ಟೆಗೆ ಒರಗಿಸಿಟ್ಟಿದ್ದೇವೆ. ಅವ್ವ ಹೊಸ ಮನೆಗೆ ಬಂದ ಮೇಲೆ ಒಂದು ಪದವನ್ನೂ ಹಾಡಲಿಲ್ಲ. ನಿಮ್ಮ ಅಜ್ಜಿ ಹೇಳಿದ ಮಾತು ಸತ್ಯ ಎಂದು ಈಗ ತಿಳಿಯಿತು.

ಅನುಮತಿಯ ವಿಷಯಕ್ಕೆ ಬರುತ್ತೇನೆ. ನಮ್ಮ ನವನಗರ ಸೆಕ್ಟರ್ ಸೆಕ್ಟರ್ ಆಗಿ ಯೋಜನೆ ಹಾಕಿ ಕಟ್ಟಿದ ಊರು. ಕಟ್ಟಿದ್ದು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ. ಹಳೆಯ ಊರಿಗೆ ನಗರಸಭೆ. ನಾವು ಮಕ್ಕಳ ಚಿತ್ರಕಲೆಯ ಒಂದು ದಿನವನ್ನು ಸೆಕ್ಟರಿನ ಉದ್ಯಾನದಲ್ಲಿ ಮಾಡಬೇಕೆಂದಾಗ ಜಾಗ ಯಾರದೆಂದು ವಿಚಾರಿಸದೆ ಹೋಗಿ ಬೇರೆ ಕಚೇರಿಗೆ ಅರ್ಜಿ ಕೊಟ್ಟೆವು. ಎರಡು ವಾರ ಕಳೆದ ಮೇಲೆ ಇದು ನಮ್ಮ ವ್ಯಾಪ್ತಿಯಲ್ಲ ಎಂಬ ಉತ್ತರ ಬಂತು. ತಪ್ಪು ನಮ್ಮದೇ. ಅನಗೋಳದ ಸರ್ ಹೇಳಿದ "ಜಾಗ ಯಾರದು" ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಿದ್ದರೆ ಮಕ್ಕಳ ಪರೀಕ್ಷೆಗೆ ಮುಂಚೆ ಕಾರ್ಯಕ್ರಮ ಆಗುತ್ತಿತ್ತು.


ಪ್ರವಾಸಿ ಮಾರ್ಗದರ್ಶಿ, ವಿಜಯಪುರ | ನವೆಂಬರ್ 13

ನಮ್ಮ ಊರಿನ ಸ್ಥಿತಿ ಇನ್ನೊಂದು ರೀತಿ. ವಿಜಯಪುರದ ನಡುಮಧ್ಯ ಕಾಣುವ ಒಳ್ಳೆಯ ಹುಲ್ಲುಹಾಸುಗಳು ಹೆಚ್ಚಾಗಿ ಸ್ಮಾರಕಗಳ ಅಂಗಳಗಳು. ಗೋಳಗುಮ್ಮಟ, ಬಾರಾ ಕಮಾನ್, ಇಬ್ರಾಹಿಂ ರೋಜಾ ಇವೆಲ್ಲ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಜನರು ಉದ್ಯಾನವೆಂದೇ ಕರೆಯುತ್ತಾರೆ, ಬುತ್ತಿ ತಂದು ಕೂರುತ್ತಾರೆ. ಆದರೆ ಅಲ್ಲಿ ಸಭೆ, ಔತಣ, ಮನರಂಜನೆ ಮಾಡಬೇಕಾದರೆ ಮಹಾನಗರ ಪಾಲಿಕೆಯ ಅನುಮತಿ ಸಾಲದು. 1958ರ ಪುರಾತನ ಸ್ಮಾರಕಗಳ ಕಾಯ್ದೆಯಡಿ 1959ರಲ್ಲಿ ಮಾಡಿದ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಲಿಖಿತ ಅನುಮತಿ ಬೇಕು. ಹಿಂದಿನಿಂದ ನಡೆದುಬಂದ, ಮಾನ್ಯತೆ ಪಡೆದ ಧಾರ್ಮಿಕ ಆಚರಣೆಗೆ ಮಾತ್ರ ವಿನಾಯಿತಿ.

ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂದು ಕೇಳಿ ಕೆಲವರು ಹೆದರುತ್ತಾರೆ. ಆ ಅಳತೆ ಕಟ್ಟಡದ ಕಾಮಗಾರಿಗೆ ಸಂಬಂಧಿಸಿದ್ದು. ಆ ವ್ಯಾಪ್ತಿಯೊಳಗೆ ಪಾಲಿಕೆಯ ಉದ್ಯಾನವೊಂದು ಇದ್ದ ಮಾತ್ರಕ್ಕೆ ಅಲ್ಲಿ ಹಾಡಬಾರದು ಎಂದಲ್ಲ. ನಮ್ಮ ಬಳಗ ಮಕ್ಕಳಿಂದ ವಚನ ಹೇಳಿಸುವ ಬೆಳಗನ್ನು ಬಾರಾ ಕಮಾನಿನ ಹುಲ್ಲಿನ ಮೇಲೆ ಮಾಡಬೇಕೆಂದಿತ್ತು. ನಿಯಮ ಓದಿದ ಮೇಲೆ ಬಡಾವಣೆಯ ಉದ್ಯಾನಕ್ಕೆ ಬಂದೆವು. ಅಪೂರ್ಣ ಕಮಾನುಗಳ ಎದುರು ಮಕ್ಕಳು ನಿಲ್ಲುವ ಚಿತ್ರ ಮನಸ್ಸಿನಲ್ಲೇ ಉಳಿಯಿತು. ಬೇಸರವಿಲ್ಲ. ಮುನ್ನೂರೈವತ್ತು ವರ್ಷ ನಿಂತ ಕಲ್ಲಿಗೆ ನಮ್ಮ ಧ್ವನಿವರ್ಧಕದ ಕಂಬ ತಾಗದೆ ಇರುವುದೇ ಲೇಸು.


ವಕೀಲೆ, ಬೆಳಗಾವಿ | ನವೆಂಬರ್ 14

ಮೈಕ್ ಬಗ್ಗೆ ಯಾರೂ ಬರೆಯಲಿಲ್ಲ. ಜಾಗದ ಅನುಮತಿ ಸಿಕ್ಕರೆ ಮೈಕಿನ ಅನುಮತಿಯೂ ಸಿಕ್ಕಿತೆಂದು ಭಾವಿಸಬೇಡಿ. 2000ದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಪ್ರತ್ಯೇಕ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 45. ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಅಳೆದಾಗ ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಬಾರದು. ಅಂದರೆ ನಿಮ್ಮ ಓಣಿಯಲ್ಲಿ ಹಗಲು 65. ಎದುರುಬದುರು ಕುಳಿತು ಸ್ವಲ್ಪ ಜೋರಾಗಿ ಮಾತನಾಡಿದರೇ ಅದರ ಹತ್ತಿರ ಬರುತ್ತದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ ನಿಶ್ಶಬ್ದ ವಲಯವೆಂದು ಘೋಷಿಸಿದ ಜಾಗವಾದರೆ ಮಿತಿ ಇನ್ನೂ ಕಡಿಮೆ.

ಬೆಳಗಾವಿಯಲ್ಲಿ ಪೊಲೀಸ್ ಆಯುಕ್ತಾಲಯ ಇದೆ. ನಿಮ್ಮ ವ್ಯಾಪ್ತಿಯ ಠಾಣೆಯಲ್ಲಿ ಅರ್ಜಿ ಕೊಟ್ಟರೆ ಮುಂದಿನ ದಾರಿ ತಿಳಿಸುತ್ತಾರೆ. ಪಾಲಿಕೆಯ ಸ್ವೀಕೃತಿಯ ಪ್ರತಿಯನ್ನು ಅದಕ್ಕೆ ಲಗತ್ತಿಸಿ.

ತಟ್ಟೆಗಳ ವಿಷಯ ಬಂದಿತ್ತು. 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ದೇಶದಲ್ಲೆಲ್ಲ ನಿಷೇಧ. ಕರ್ನಾಟಕದಲ್ಲಿ ಫ್ಲೆಕ್ಸ್ ಮತ್ತು ಥರ್ಮಾಕೋಲಿಗೆ 2016ರಿಂದಲೇ ನಿಷೇಧವಿದೆ. ಕಾರ್ಯಕ್ರಮದ ಫಲಕ ಬೇಕಿದ್ದರೆ ಬಟ್ಟೆಯ ಮೇಲೆ ಕೈಯಿಂದ ಬರೆಸಿ.


ಮುಂಜಾನೆಯ ನಡಿಗೆಯವನು | ನವೆಂಬರ್ 14

ವಕೀಲರ ಲೆಕ್ಕ ನೋಡಿದ ಮೇಲೆ ಒಂದು ಮಾತು. ಬೀಸುವ ಪದ ಹುಟ್ಟಿದ್ದು ಒಂದು ಕಲ್ಲಿನ ಎದುರು ಕುಳಿತ ಇಬ್ಬರಿಗಾಗಿ. ಅದಕ್ಕೆ ಮೈಕ್ ಯಾಕೆ? ನೂರು ಜನರನ್ನು ಸಾಲಾಗಿ ಕೂರಿಸುವ ಬದಲು ಸುತ್ತುಸುತ್ತಾಗಿ ಕೂರಿಸಿ. ಮೈಕ್ ಇಲ್ಲವೆಂದರೆ ನನ್ನ ಅರ್ಧ ವಿರೋಧ ಇಲ್ಲಿಗೇ ಮುಗಿಯಿತು.


ನಿವೃತ್ತ ಶಿಕ್ಷಕಿ, ಟಿಳಕವಾಡಿ | ನವೆಂಬರ್ 22

ಎರಡು ವಾರದ ವರದಿ ಒಪ್ಪಿಸುತ್ತೇನೆ.

ಮೈಕ್ ಬಿಟ್ಟೆವು. ಪೆಂಡಾಲ್ ಬಿಟ್ಟೆವು. ಅದರ ಜೊತೆ ಕರೆಂಟಿನ ಚಿಂತೆಯೂ ಹೋಯಿತು. ಸಂಕ್ರಾಂತಿಗೆ ಮುಂಚಿನ ಭಾನುವಾರ ಗೊತ್ತುಮಾಡಿದ್ದೇವೆ. ಉದ್ಯಾನ ಪಾಲಿಕೆಯದೇ ಎಂದು ಖಚಿತವಾಯಿತು.

ನಾನು ಬರೆದ ಮೊದಲ ಅರ್ಜಿ ಎರಡು ಪುಟ ಇತ್ತು. ಜನಪದ ಸಾಹಿತ್ಯದ ಮಹತ್ವ, ತ್ರಿಪದಿಯ ಲಕ್ಷಣ ಎಲ್ಲ ಬರೆದಿದ್ದೆ. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬುದೇ ಇರಲಿಲ್ಲ! ಕಚೇರಿಯಲ್ಲಿದ್ದ ಹೆಣ್ಣುಮಗಳು ತಾಳ್ಮೆಯಿಂದ ಓದಿ, "ಬಾಯಿಯವರೇ, ಓದಲು ಬಹಳ ಚೆನ್ನಾಗಿದೆ, ಆದರೆ ಇದರ ಮೇಲೆ ಟಿಪ್ಪಣಿ ಬರೆಯಲು ನನಗೆ ಹೊತ್ತು ಬೇಕು, ಜಾಗ ಬೇಕು, ಜನರ ಲೆಕ್ಕ ಬೇಕು" ಎಂದರು. ಅಲ್ಲೇ ಬೆಂಚಿನ ಮೇಲೆ ಕುಳಿತು ಹೊಸದಾಗಿ ಬರೆದೆ. ಬೇರೆಯವರಿಗೂ ಉಪಯೋಗವಾಗಲೆಂದು ಕೆಳಗೆ ಹಾಕಿದ್ದೇನೆ.

"ಮಾನ್ಯ ಆಯುಕ್ತರು, ಮಹಾನಗರ ಪಾಲಿಕೆ, ಬೆಳಗಾವಿ ಇವರ ಸನ್ನಿಧಿಗೆ.
ವಿಷಯ: ನಮ್ಮ ಬಡಾವಣೆಯ ಉದ್ಯಾನದಲ್ಲಿ ಜನಪದ ಗಾಯನ ಕಾರ್ಯಕ್ರಮ ನಡೆಸಲು ಅನುಮತಿ ಕೋರಿ.
ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ, ಜನವರಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ 9ರಿಂದ 11.30ರವರೆಗೆ ಬಡಾವಣೆಯ ಮಹಿಳೆಯರು ಬೀಸುವ ಕಲ್ಲಿನ ಪದಗಳನ್ನು ಹಾಡುವ ಕಾರ್ಯಕ್ರಮ ಹಮ್ಮಿಕೊಂಡಿದ್ದೇವೆ. ಸುಮಾರು 100 ಜನ ಸೇರುವ ನಿರೀಕ್ಷೆ ಇದೆ. ಉದ್ಯಾನದ ಪಶ್ಚಿಮ ಭಾಗವನ್ನು ಮಾತ್ರ ಬಳಸುತ್ತೇವೆ. ನಡಿಗೆಯ ಹಾದಿ ತೆರೆದಿರುತ್ತದೆ. ಪೆಂಡಾಲ್, ಧ್ವನಿವರ್ಧಕ, ವಿದ್ಯುತ್ ಸಂಪರ್ಕ ಇರುವುದಿಲ್ಲ. ಪ್ರವೇಶ ಉಚಿತ. ಒಲೆ ಹಚ್ಚುವುದಿಲ್ಲ, ಮನೆಯಲ್ಲಿ ಮಾಡಿದ ರೊಟ್ಟಿಯನ್ನು ಎಲೆಯ ಮೇಲೆ ಹಂಚುತ್ತೇವೆ. ಕಸವನ್ನು ಹಸಿ, ಒಣ ಎಂದು ಬೇರ್ಪಡಿಸಿ ಅದೇ ದಿನ ತೆರವುಗೊಳಿಸುತ್ತೇವೆ. ಹಾನಿಯಾದಲ್ಲಿ ಭರಿಸುವುದಾಗಿ ಮುಚ್ಚಳಿಕೆ ಪತ್ರ ಲಗತ್ತಿಸಿದೆ. ಕಾರಣ ಅನುಮತಿ ನೀಡಬೇಕಾಗಿ ವಿನಂತಿ."

ಮೊಹರು, ಆವಕ ಸಂಖ್ಯೆ ಎರಡೂ ಬಿದ್ದಿವೆ. ಗುಮಾಸ್ತ ಸರ್, ನಿಮ್ಮ ಮಾತು ನೆನಪಿಟ್ಟುಕೊಂಡೇ ನಿಂತಿದ್ದೆ.


ನಿವೃತ್ತ ಗುಮಾಸ್ತ, ಅನಗೋಳ | ನವೆಂಬರ್ 22

ಅರ್ಜಿ ಬಹಳ ಚೆನ್ನಾಗಿದೆ. "ಪಶ್ಚಿಮ ಭಾಗ ಮಾತ್ರ" ಎಂಬುದು ಬಹಳ ಮುಖ್ಯ, ಕೈಯಿಂದ ಒಂದು ನಕ್ಷೆ ಗೀಚಿ ಸೇರಿಸಿ. ಮೈಕ್ ಇಲ್ಲದಿದ್ದರೂ ಠಾಣೆಗೆ ಒಂದು ತಿಳಿವಳಿಕೆ ಪತ್ರ ಕೊಟ್ಟಿರಿ.

ನೀರಿನ ಏರ್ಪಾಡು ಬರೆದಿಲ್ಲ. ನಿಮ್ಮ ಟಿಳಕವಾಡಿಯಲ್ಲೇ 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ ಬಂದವರ ನೀರಿಗೆಂದು ಬಾವಿಯನ್ನೇ ತೋಡಿದ್ದರು. ಪಂಪಾ ಸರೋವರ ಎಂದು ಹೆಸರಿಟ್ಟ ಆ ಕಾಂಗ್ರೆಸ್ ಬಾವಿ ಇಂದಿಗೂ ಇದೆ. ನಿಮಗೆ ಎರಡು ಕೊಡ, ಇಪ್ಪತ್ತು ಲೋಟ ಸಾಕು. ಆದರೆ ಯಾರು ತರುತ್ತಾರೆ ಎಂದು ಹೆಸರು ಹಿಡಿದು ಗೊತ್ತುಮಾಡಿ.


ನಿವೃತ್ತ ಶಿಕ್ಷಕಿ, ಟಿಳಕವಾಡಿ | ಡಿಸೆಂಬರ್ 19

ಅನುಮತಿ ಪತ್ರ ಬಂದಿದೆ. ಷರತ್ತುಗಳೆಲ್ಲ ನಾವೇ ಒಪ್ಪಿಕೊಂಡವು. ಠೇವಣಿ ಚಲನ್ ತುಂಬಿದ್ದೇನೆ.

ಇವತ್ತು ಬರೆಯಬೇಕೆನಿಸಿದ್ದು ಮಾಲಿಯವರ ವಿಷಯ. ಪತ್ರ ತೋರಿಸಲು ಹೋದೆ. ಅವರು ಪತ್ರ ಓದಲಿಲ್ಲ. "ಕಲ್ಲು ಎಲ್ಲಿ ಇಡುತ್ತೀರಿ, ತೋರಿಸಿ" ಎಂದರು. ಹುಲ್ಲಿನ ನಡುವೆ ತೋರಿಸಿದೆ. ಅವರು ಹೆಬ್ಬೆರಳಿನಿಂದ ನೆಲ ಒತ್ತಿದರು, ಬೆರಳು ಅರ್ಧ ಇಂಚು ಇಳಿಯಿತು. ಎರಡೂವರೆ ಗಂಟೆ ಕಲ್ಲು ತಿರುಗಿಸಿದರೆ ಕೆಳಗಿನ ಬೇರು ಸಾಯುತ್ತದೆ, ಆ ವೃತ್ತ ಮಳೆಗಾಲದವರೆಗೂ ತುಂಬುವುದಿಲ್ಲ ಎಂದರು. ಬೇವಿನ ಮರದ ಸುತ್ತಲಿನ ಗಟ್ಟಿ ಮಣ್ಣನ್ನು ತೋರಿಸಿ, ಅಲ್ಲಿ ಗೋಣಿಚೀಲ ಮಡಿಸಿ ಹಾಸಿ ಕಲ್ಲಿಡಲು ಹೇಳಿದರು. ಗುರುವಾರದಿಂದಲೇ ಆ ಭಾಗಕ್ಕೆ ನೀರು ನಿಲ್ಲಿಸುತ್ತಾರಂತೆ, ಇಲ್ಲದಿದ್ದರೆ ಕುಳಿತವರ ಸೀರೆಯೆಲ್ಲ ತೇವ. ಕೊಳವೆ ಹಾದುಹೋಗುವ ಗೆರೆಗೆ ಸುಣ್ಣದ ಪುಡಿ ಉದುರಿಸಿ ಕೊಡುತ್ತೇನೆ ಎಂದಿದ್ದಾರೆ. ಈ ಯಾವುದೂ ಯಾವ ಅರ್ಜಿಯಲ್ಲೂ ಇರುವುದಿಲ್ಲ.

ಕಲ್ಲುಗಳು ಮೂರಾದವು. ಒಂದಕ್ಕೆ ಹಲ್ಲು ಸವೆದಿತ್ತು, ಉಳಿಯಿಂದ ಮತ್ತೆ ಕಚ್ಚು ಹಾಕಿಸಿದ್ದೇವೆ.


ನಿವೃತ್ತ ಶಿಕ್ಷಕಿ, ಟಿಳಕವಾಡಿ | ಜನವರಿ, ಭಾನುವಾರ ಸಂಜೆ

ಮುಗಿಯಿತು. ಕೈ ಇನ್ನೂ ನಡುಗುತ್ತಿದೆ, ಆದರೂ ಇವತ್ತೇ ಬರೆಯುತ್ತೇನೆ.

ಎಂಟೂವರೆಗೆ ಹೋದಾಗ ನಡಿಗೆಯ ಅಣ್ಣಾವರೂ ಅವರ ಗೆಳೆಯರು ನಾಲ್ಕು ಜನರೂ ಹೊರಡದೆ ನಿಂತಿದ್ದರು. ಕಲ್ಲುಗಳನ್ನು ರಿಕ್ಷಾದಿಂದ ಇಳಿಸಿ ಒಳಗೆ ತಂದವರು ಅವರೇ ಮತ್ತು ಆ ವಿದ್ಯಾರ್ಥಿ ತಮ್ಮ. ಹೃದಯದ ಚಿಕಿತ್ಸೆಯಾದವರು ಭಾರ ಎತ್ತಬೇಡಿ ಎಂದು ಎಷ್ಟು ಹೇಳಿದರೂ ಕೇಳದೆ ಗೋಣಿಚೀಲಗಳನ್ನಾದರೂ ಹೊತ್ತರು.

ಅಜ್ಜಿಯನ್ನು ಕಲ್ಲಿನ ಮುಂದೆ ಕೂರಿಸಿದೆವು. ಎದುರಿಗೆ ಗೋಕಾಕದ ಕಾಕು. ಅಜ್ಜಿ ಒಂದು ಕಾಲು ಮಡಿಸಿ, ಒಂದು ಕಾಲು ಚಾಚಿ ಕುಳಿತರು. ಮೊಣಕಾಲು ನೋವಿನ ಮಾತೇ ಇಲ್ಲ. ಮೊದಲು ಸೆರಗಿನಿಂದ ಕಲ್ಲಿನ ಬಾಯಿ ಒರೆಸಿದರು. ಒಂದು ಹಿಡಿ ಜೋಳ ಹಾಕಿ ಬರಿದೇ ಎರಡು ಸುತ್ತು ತಿರುಗಿಸಿ, ಬಂದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, "ಇನ್ನೂ ದಪ್ಪ" ಎಂದರು. ಆಮೇಲೆ ಗೂಟ ಹಿಡಿದು ಶುರು ಮಾಡಿದರು. ಮಕ್ಕಳ ಗದ್ದಲವಿತ್ತು, ಮೈಕ್ ಇಲ್ಲದೆ ಕೇಳಿಸುವುದೇ ಎಂದು ನನಗೆ ಭಯ. ಮೂರನೆಯ ಪದಕ್ಕೆ ಗದ್ದಲ ನಿಂತಿತು. ಹಿಂದಿನ ಸುತ್ತಿನವರು ತಾವಾಗಿಯೇ ಮುಂದೆ ಸರಿದು ಕುಳಿತರು. ಕಲ್ಲಿನ ಗರಗರ ಸದ್ದು ಕೆಳಗೆ, ದನಿ ಅದರ ಮೇಲೆ.

ಐವತ್ತೊಂಬತ್ತು ಪದಗಳಾದವು. ಇಬ್ಬರು ಹುಡುಗಿಯರು ಎಣಿಸಿ ಬರೆದುಕೊಂಡಿದ್ದಾರೆ. ಒಂದೇ ಒಂದು ಕಡೆಯೂ ಅಜ್ಜಿ ತಡೆಯಲಿಲ್ಲ. ಅವರಿಗೆ ಬರುತ್ತದೆಂದು ನಮಗೇ ಗೊತ್ತಿರದ ಪದಗಳೂ ಬಂದವು. ಒಂದು ಹಾಡುವಾಗ ಅವರ ಕಣ್ಣು ತುಂಬಿತು, ಕೈ ನಿಲ್ಲಲಿಲ್ಲ. ತವರಿನ ಪದ ಅದು.

ಹನ್ನೊಂದೂವರೆಗೆ ನಿಲ್ಲಿಸಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಪತ್ರದಲ್ಲಿ ಬರೆದ ಹೊತ್ತು ಅದು, ಹೇಳಲೇಬೇಕಿತ್ತು. ಹೇಳಿದೆ. ಅಜ್ಜಿ ಉಳಿದ ಜೋಳವನ್ನು ಕಲ್ಲಿನ ಬಾಯಿಂದ ಗೋರಿ ತೆಗೆದು, "ಇದನ್ನು ಮನೆಯಲ್ಲಿ ಬೀಸುತ್ತೇನೆ, ಕಲ್ಲು ನನ್ನ ಮನೆಗೆ ಕಳಿಸು" ಎಂದರು. ಕಳಿಸಿದ್ದೇನೆ.


ನವನಗರದ ನಿವಾಸಿ, ಬಾಗಲಕೋಟೆ | ಅದೇ ರಾತ್ರಿ

ಅಕ್ಕಾವರೇ, ಇದನ್ನು ಅವ್ವನಿಗೆ ಓದಿ ಹೇಳಿದೆ. ಏನೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನ ಹೋಳು ಮಾಡಿಕೊಡುವವರು ಈಗಲೂ ಇದ್ದಾರೆಯೇ ಎಂದು ಕೇಳಿದಳು. ಕಚ್ಚು ಹಾಕಿದ ಕುಶಲಕರ್ಮಿಯ ಊರು ಯಾವುದು, ದಯವಿಟ್ಟು ಖಾಸಗಿಯಾಗಿ ತಿಳಿಸಿ.


ಮುಂಜಾನೆಯ ನಡಿಗೆಯವನು | ಸೋಮವಾರ ಬೆಳಿಗ್ಗೆ

ಇವತ್ತು ಐದೂವರೆಗೆ ಎಂದಿನಂತೆ ಹೋಗಿದ್ದೆ. ಟಾರ್ಚ್ ಹಿಡಿದು ಪಶ್ಚಿಮ ಭಾಗವನ್ನು ಪೂರ್ತಿ ಸುತ್ತಿ ನೋಡಿದೆ. ಗುಂಡಿಯಿಲ್ಲ, ಎಲೆಯಿಲ್ಲ, ಕಾಗದವಿಲ್ಲ. ಬೇವಿನ ಮರದ ಕೆಳಗೆ ಮೂರು ಕಡೆ ಹಿಟ್ಟಿನ ತೆಳುವಾದ ಬಿಳಿ ವೃತ್ತಗಳು ಉಳಿದಿದ್ದವು, ಇರುವೆಗಳು ಸಾಲುಗಟ್ಟಿದ್ದವು. ನಾವು ಅದನ್ನು ತುಳಿಯದೆ ಬಳಸಿಕೊಂಡು ನಡೆದೆವು.

ಮುಂದಿನ ವರ್ಷದ ಅರ್ಜಿಯಲ್ಲಿ ನಡಿಗೆಯವರ ಪರವಾಗಿ ನನ್ನ ಸಹಿಯನ್ನೂ ಹಾಕಿಸಿಕೊಳ್ಳಿ.


ನಿವೃತ್ತ ಗುಮಾಸ್ತ, ಅನಗೋಳ | ಸೋಮವಾರ

ಠೇವಣಿ ವಾಪಸಿಗೆ ಈ ವಾರವೇ ಅರ್ಜಿ ಕೊಡಿ, ತಡಮಾಡಬೇಡಿ. ಮೂಲ ಚಲನ್, ಅನುಮತಿ ಪತ್ರದ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಸ್ಥಳ ಸ್ವಚ್ಛವಾಗಿದೆ ಎಂದು ಉದ್ಯಾನ ನೋಡಿಕೊಳ್ಳುವವರ ಷರಾ ಇದ್ದರೆ ಉತ್ತಮ.


ನಿವೃತ್ತ ಶಿಕ್ಷಕಿ, ಟಿಳಕವಾಡಿ | ಸೋಮವಾರ ಸಂಜೆ

ಮಾಲಿಯವರು ಬರೆದುಕೊಟ್ಟಿದ್ದಾರೆ, ಸರ್. ನಾಳೆ ಹನ್ನೊಂದಕ್ಕೆ ಕಚೇರಿಗೆ ಹೋಗುತ್ತೇನೆ. ಆ ಹೆಣ್ಣುಮಗಳಿಗೆಂದು ನಿನ್ನೆ ಬೀಸಿದ ಹಿಟ್ಟಿನ ನಾಲ್ಕು ರೊಟ್ಟಿ ಕಟ್ಟಿಟ್ಟಿದ್ದೇನೆ, ಅವರ ಕೆಲಸವೆಲ್ಲ ಮುಗಿದಿದೆ, ಹಾಗಾಗಿ ಕೊಡಬಹುದೆಂದುಕೊಂಡಿದ್ದೇನೆ.


ನಿವೃತ್ತ ಗುಮಾಸ್ತ, ಅನಗೋಳ | ಸೋಮವಾರ ರಾತ್ರಿ

ಠೇವಣಿ ಕೈಗೆ ಬಂದ ಮೇಲೆ ಕೊಡಿ ಅಕ್ಕಾವರೇ. ಕಡತ ಇನ್ನೂ ಅವರ ಮೇಜಿನ ಮೇಲಿದೆ.


ನಿವೃತ್ತ ಶಿಕ್ಷಕಿ, ಟಿಳಕವಾಡಿ | ಸೋಮವಾರ ರಾತ್ರಿ

ಸರಿ ಸರ್, ನೀವು ಹೇಳಿದ್ದು ನ್ಯಾಯ. ಈ ನಾಲ್ಕನ್ನು ಬೆಳಿಗ್ಗೆ ಮಾಲಿಯವರ ಮಕ್ಕಳಿಗೆ ಕೊಡುತ್ತೇನೆ. ಹಿಟ್ಟು ಇನ್ನೂ ಎರಡು ಸೇರು ಇದೆ.